ಬೂದಿಗೊಂದು ಬಟ್ಟಲು

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ, ನಮ್ಮ ಬಳಗದ ಹಿರಿಯರಾದ ಮಾಸ್ತರರ ಮಾಟುಂಗದ ಮನೆಯಲ್ಲಿ ಬೆಂಕಿ ಬಿತ್ತು. ಅಗ್ನಿಶಾಮಕ ದಳ ಬರುವಷ್ಟು ದೊಡ್ಡ ಬೆಂಕಿಯೇನಲ್ಲ. ವಾರಕ್ಕೊಂದೇ ಎಂಬ ಕರಾರಿನ ಮೇಲೆ ಅವರು ಸೇದುವ ದಿಂಡಿಗಲ್ಲಿನ ಚುಟ್ಟಾ, ಸ್ಟೀಲಿನ ಬಸಿಯ ಅಂಚಿನಿಂದ ಸದ್ದಿಲ್ಲದೆ ಉರುಳಿ ಪಕ್ಕದ ಕಡತದ ಮೇಲೆ ಬಿದ್ದಿತ್ತು. ನಾವೆಲ್ಲ ಒಳಗೆ ಚಹಾ ಕುಡಿಯುತ್ತಿದ್ದೆವು. ವಾಸನೆ ಹಿಡಿದು ಹೊರಗೆ ಬರುವಷ್ಟರಲ್ಲಿ ಹನ್ನೊಂದು ಹಾಳೆಗಳು ಹೋಗಿದ್ದವು. ಮುಂಬಯಿಗೆ ಬಂದ ಮೊದಲ ತಲೆಮಾರಿನ ಕನ್ನಡ ವರ್ತಕರ ಪತ್ರಗಳನ್ನು ಮನೆಮನೆ ತಿರುಗಿ ಬೇಡಿ ತಂದು, ಮಾಸ್ತರರು ಕೈಯಾರೆ ನಕಲು ಮಾಡಿಕೊಂಡಿದ್ದ ಹಾಳೆಗಳವು. ಮೂಲಗಳನ್ನು ಎಂದೋ ಹಿಂದಿರುಗಿಸಿಯಾಗಿತ್ತು. ಆ ಮನೆಗಳಲ್ಲಿ ಒಂದೆರಡು ಈಗ ಇಲ್ಲವೇ ಇಲ್ಲ.

ಮಾಸ್ತರರು ಏನೂ ಆಡಲಿಲ್ಲ. ಆಡಿದವರು ಅವರ ಮನೆಯವರು. “ಬಿಡ್ರಿ ಬಿಡ್ರಿ ಅಂತ ಹೇಳಿ ಐವತ್ತು ವರ್ಷ ಆತು. ಅವರಂತೂ ಬಿಡಂಗಿಲ್ಲ. ನೀವರೆ ಮನಿಗೆ ಬೆಂಕಿ ಬೀಳಧಂಗ ಒಂದು ಚೊಲೋ ಬಟ್ಟಲಾ ನೋಡಿ ತಂದುಕೊಡ್ರಿ” ಎಂದು ಕಾಕು ನಮ್ಮತ್ತ ತಿರುಗಿದರು. ಬಳಗದಲ್ಲೇ ಇರುವ ವೈದ್ಯಮಿತ್ರರು ಕೂಡಲೇ ತಕರಾರು ತೆಗೆದರು. ಹೃದಯದಲ್ಲಿ ಸ್ಟೆಂಟ್ ಇಟ್ಟುಕೊಂಡವರಿಗೆ ಬೂದಿಬಟ್ಟಲನ್ನು ಕಾಣಿಕೆಯಾಗಿ ಕೊಡುವುದೆಂದರೆ ಪರವಾನಗಿ ಬರೆದುಕೊಟ್ಟಂತೆ, ತಮ್ಮ ಹೆಸರನ್ನು ಆ ವಂತಿಗೆಯಲ್ಲಿ ಸೇರಿಸಕೂಡದು ಎಂದರು. ಮಾತು ಅಲ್ಲಿಗೆ ನಿಂತಿತು. ಆಯ್ಕೆಯ ಹೊಣೆ ನಮ್ಮ ಮೂವರ ಮೇಲೆ ಬಿತ್ತು. ಪೇಟೆಗೆ ಹೋಗುವ ಮೊದಲು ಪುಸ್ತಕ ತೆರೆಯುವುದು ನಮ್ಮ ಹಳೆಯ ದೌರ್ಬಲ್ಯವಾದ್ದರಿಂದ, ಒಂದು ಬಟ್ಟಲನ್ನು ಕೊಳ್ಳಲು ಹೊರಟವರು ನಾನೂರು ವರ್ಷ ಹಿಂದಕ್ಕೆ ಹೋಗಿ ಬಂದೆವು.

ಮೊದಲು ಎದುರಾದದ್ದು ಹೆಸರಿನ ತೊಡಕು. ‘ಆಶ್‌ಟ್ರೇ’ ಎಂಬುದಕ್ಕೆ ನಮ್ಮಲ್ಲಿ ಬಳಕೆಯ ಮಾತಿಲ್ಲ. ಬೂದಿಯನ್ನು ಜೋಪಾನವಾಗಿ ಇಡುವ ಪಾತ್ರೆ ಕನ್ನಡದ ಮನೆಗಳಿಗೆ ಹೊಸದೇನಲ್ಲ; ದೇವರ ಗೂಡಿನಲ್ಲಿ ವಿಭೂತಿಯ ಬಟ್ಟಲು ಇದ್ದೇ ಇರುತ್ತಿತ್ತು. ಆದರೆ ಆ ಬೂದಿಯೇ ಬೇರೆ. ಬೀಡಿಯ ಬೂದಿಗೆ ಅಂಗಳದ ನೆಲವೋ ಖಾಲಿಯಾದ ಕಡ್ಡಿಪೆಟ್ಟಿಗೆಯೋ ಹೆಚ್ಚೆಂದರೆ ತೆಂಗಿನ ಚಿಪ್ಪೋ ಸಾಕಾಗಿತ್ತು. ನೆಲ ಮಣ್ಣಿನದಾಗಿರುವವರೆಗೆ ಬೂದಿಗೆ ಪ್ರತ್ಯೇಕ ಪಾತ್ರೆ ಬೇಕಾಗುವುದಿಲ್ಲ. ಅದು ಬೇಕಾಗುವುದು ನೆಲಕ್ಕೆ ಜಮಖಾನೆ ಬಂದ ಮೇಲೆ, ಮೇಜಿನ ಮೇಲೆ ಕಾಗದ ಬಂದ ಮೇಲೆ.

ಹೊಗೆಸೊಪ್ಪಿನ ಭಾರತೀಯ ಚರಿತ್ರೆಯ ಮೊದಲ ಸ್ಪಷ್ಟ ದೃಶ್ಯವೊಂದು ಕನ್ನಡ ನೆಲದಲ್ಲೇ ಇದೆ ಎಂಬುದು ನಮಗೆ ಸಿಕ್ಕ ಮೊದಲ ಸಂತೋಷ. ಅಕ್ಬರನ ರಾಯಭಾರಿಯಾಗಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತ, 1604ರ ಸುಮಾರಿನಲ್ಲಿ, ಬಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡ. ಹಿಂದುಸ್ಥಾನದಲ್ಲಿ ಅದುವರೆಗೆ ತಾನು ಅಂಥದನ್ನು ಕಂಡಿರಲಿಲ್ಲ ಎಂದು ಅವನೇ ಬರೆದಿಟ್ಟಿದ್ದಾನೆ. ಪೋರ್ಚುಗೀಸರ ಗೋವೆ ಬಿಜಾಪುರಕ್ಕೆ ದೂರವಲ್ಲ. ಸಮುದ್ರ ದಾಟಿ ಬಂದ ಸರಕು ಮೊದಲು ಏರಿದ್ದು ನಮ್ಮ ಘಟ್ಟಗಳನ್ನು. ಅಸದ್ ಬೇಗ್ ಒಂದಿಷ್ಟು ಸೊಪ್ಪನ್ನೂ ರತ್ನಗಳನ್ನು ಕೂರಿಸಿದ ಒಂದು ಕೊಳವೆಯನ್ನೂ ಸಿದ್ಧಪಡಿಸಿಕೊಂಡು ಹೋಗಿ ಆಗ್ರಾದಲ್ಲಿ ಬಾದಶಹನ ಮುಂದಿಟ್ಟ. ಅಕ್ಬರ್ ಕುತೂಹಲದಿಂದ ಒಂದೆರಡು ಬಾರಿ ಎಳೆದ. ಅಷ್ಟರಲ್ಲಿ ಆಸ್ಥಾನದ ಹಕೀಮರು ಅಡ್ಡ ಬಂದರು. ತಮ್ಮ ವೈದ್ಯಗ್ರಂಥಗಳಲ್ಲಿ ಈ ಪದಾರ್ಥದ ಉಲ್ಲೇಖವೇ ಇಲ್ಲ, ಗುಣದೋಷ ತಿಳಿಯದ್ದನ್ನು ಪ್ರಭುಗಳು ಸೇವಿಸುವುದು ಸರಿಯಲ್ಲ ಎಂಬುದು ಅವರ ವಾದ. ಫಿರಂಗಿಗಳು ಮೂಢರೇನಲ್ಲ, ಜಗತ್ತಿನಲ್ಲಿ ಪ್ರತಿಯೊಂದು ರೂಢಿಯೂ ಒಂದಲ್ಲ ಒಂದು ಕಾಲದಲ್ಲಿ ಹೊಸದಾಗಿಯೇ ಇತ್ತು ಎಂಬುದು ಅಸದ್ ಬೇಗನ ಉತ್ತರ. ಅಕ್ಬರನಿಗೆ ರಾಯಭಾರಿಯ ತರ್ಕ ಮೆಚ್ಚುಗೆಯಾಯಿತು, ಆದರೆ ಅವನು ನಡೆದುಕೊಂಡದ್ದು ಹಕೀಮರ ಮಾತಿನಂತೆ. ಮತ್ತೆ ಸೇದಲಿಲ್ಲ. ಸರದಾರರು ಮಾತ್ರ ತಮಗೂ ಬೇಕೆಂದು ಕೇಳಿ ಪಡೆದರು. ವರ್ತಕರು ತರಿಸಿ ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸುವ ಹೊತ್ತಿಗೆ ಅದು ಹಿಡಿತ ಮೀರಿ ಹೋಗಿತ್ತು.

ಈ ಪ್ರಸಂಗವನ್ನು ನಮ್ಮ ವೈದ್ಯಮಿತ್ರರಿಗೆ ಓದಿ ಹೇಳಿದಾಗ ಅವರು, “ನಾನೂರು ವರ್ಷದಿಂದ ನಾವು ಹೇಳುತ್ತಲೇ ಇದ್ದೇವೆ, ಈಗ ನಮ್ಮ ಗ್ರಂಥಗಳಲ್ಲಿ ಉಲ್ಲೇಖವೂ ಇದೆ” ಎಂದಷ್ಟೇ ಅಂದರು.

1619ರಲ್ಲಿ ಅದೇ ಇಬ್ರಾಹಿಂ ಆದಿಲಶಾಹ ಬೀದರನ್ನು ಗೆದ್ದುಕೊಂಡ. ಹೊಗೆಸೊಪ್ಪು ಬಲ್ಲ ಆಸ್ಥಾನವೂ ಲೋಹದ ಕುಸುರಿ ಬಲ್ಲ ಊರೂ ಹೀಗೆ ಒಂದೇ ಆಳ್ವಿಕೆಗೆ ಸೇರಿದವು. ಬಿದ್ರಿ ಎಂದು ನಾವು ಕರೆಯುವ ಕಸುಬಿನಲ್ಲಿ ಇಂದು ಉಳಿದಿರುವ ಅತಿ ಹಳೆಯ ವಸ್ತುಗಳು ಹದಿನೇಳನೆಯ ಶತಮಾನದವು. ಅವುಗಳಲ್ಲಿ ಗುಡಗುಡಿಯ ನೀರಿನ ಬುರುಡೆಗಳದೇ ದೊಡ್ಡ ಪಾಲು. ಮೊದಮೊದಲು ಅವು ಚೆಂಡಿನಂತೆ ಗುಂಡಗಿದ್ದು, ಉರುಳದಿರಲೆಂದು ಕೆಳಗೊಂದು ಸಿಂಬಿಯನ್ನು ಬೇಡುತ್ತಿದ್ದವು. ಹದಿನೆಂಟನೆಯ ಶತಮಾನದಲ್ಲಿ ತಳ ಅಗಲವಾದ ಗಂಟೆಯ ಆಕಾರ ಬಂದು, ಸಿಂಬಿಯ ಕೆಲಸ ತಪ್ಪಿತು. ಇದನ್ನು ಓದಿ ನಾವು ಮಾಸ್ತರರ ಬಸಿಯನ್ನು ನೆನೆದೆವು. ಉರುಳುವುದರ ವಿರುದ್ಧ ಮನುಷ್ಯ ನಡೆಸಿದ ಹೋರಾಟ ಹಳೆಯದೇ.

ಆ ಕಸುಬಿನ ಕ್ರಮವನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಹೇಳಬೇಕು, ನಮ್ಮ ಆಯ್ಕೆಗೂ ಅದಕ್ಕೂ ಸಂಬಂಧವಿದೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಸೇರಿಸಿ ಹದಮಾಡಿದ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ತಣಿದ ಮೇಲೆ ಅರದಿಂದ ಉಜ್ಜಿ ನುಣುಪುಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಉಳಿಯ ಮೊನೆಯಿಂದ ಗೀರಿದ ಬಳ್ಳಿ, ಹೂಗಳು ಬೆಳ್ಳಗೆ ಎದ್ದು ಕಾಣುತ್ತವೆ. ಗೀರಿದ ತೋಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಬಡಿದು ಕೂರಿಸುತ್ತಾರೆ. ಕೊನೆಯದು ಬೀದರಿನ ಕೋಟೆಯ ಮಣ್ಣಿನ ಕೆಲಸ. ಬಿಸಿಲು ಮಳೆ ಕಾಣದೆ ಹಳೆಯ ಗೋಡೆಗಳ ಮರೆಯಲ್ಲಿ ಉಳಿದ ಮಣ್ಣನ್ನು ತಂದು, ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುವುದು ಅಲ್ಲಿಯ ಕಸುಬುದಾರರ ವಾಡಿಕೆ. ಆ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ ಪಾತ್ರೆಗೆ ಲೇಪಿಸಿದರೆ ಮಿಶ್ರಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಮೇಲೆ ಸ್ವಲ್ಪ ಎಣ್ಣೆ ತಿಕ್ಕಿದರೆ ಮುಗಿಯಿತು.

ಹೊಗೆ ನೀರಿನಲ್ಲಿ ಮುಳುಗಿ ಬರುವಷ್ಟು ಕಾಲ ಬೂದಿಯ ಪ್ರಶ್ನೆಯೇ ಇರಲಿಲ್ಲ. ಕೆಂಡವೂ ಬೂದಿಯೂ ಮೇಲಿನ ಚಿಲುಮೆಯಲ್ಲೇ ಇರುತ್ತಿದ್ದವು. ತೆಗೆದು ಚೆಲ್ಲಲು ಆಳುಗಳಿದ್ದರು. ಕಂಪನಿಯ ಬಿಳಿಯ ಅಧಿಕಾರಿಗಳೂ ಹದಿನೆಂಟನೆಯ ಶತಮಾನವಿಡೀ ಗುಡಗುಡಿಯನ್ನೇ ಸೇದಿದರು. ಅದನ್ನು ಹೊತ್ತು ತಿರುಗಲೆಂದೇ ಒಬ್ಬ ಹುಕ್ಕಾಬರ್ದಾರನಿರುತ್ತಿದ್ದ. ಹತ್ತೊಂಬತ್ತನೆಯ ಶತಮಾನ ಬಂದಂತೆ ಈ ನವಾಬಿ ಗತ್ತು ಅವರಿಗೆ ನಾಚಿಕೆಯ ವಿಷಯವಾಯಿತು. ಅದೇ ಹೊತ್ತಿಗೆ, 1808ರಿಂದ 1814ರವರೆಗೆ ಸ್ಪೇನಿನಲ್ಲಿ ನಡೆದ ಯುದ್ಧದಿಂದ ಮರಳಿದ ಸೈನಿಕರು ಇಂಗ್ಲೆಂಡಿಗೆ ಸಿಗಾರಿನ ಚಟವನ್ನು ಹೊತ್ತು ತಂದಿದ್ದರು. ಇತ್ತ ಮದರಾಸು ಪ್ರಾಂತದಲ್ಲಿ ಸಿಗಾರಿನ ದೇಶೀ ಬಂಧು ಸಿದ್ಧವಾಗಿತ್ತು. ತಿರುಚಿರಾಪಳ್ಳಿ, ದಿಂಡಿಗಲ್ಲುಗಳ ಚುಟ್ಟಾ ಅದು. ಇಂಗ್ಲಿಷಿನ ‘ಚೆರೂಟ್’ ಎಂಬ ಪದ ತಮಿಳಿನ ‘ಸುರುಟ್ಟು’ ಎಂಬುದರಿಂದ ಹುಟ್ಟಿತು. ನಾವು ಚಾಪೆ ಸುರುಟುವಾಗ ಆಡುವ ಕ್ರಿಯಾಪದದ ಒಡಹುಟ್ಟು. 1887ರಲ್ಲಿ ಬಂದ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ, ಕೊಲೆಯಾದ ಕೋಣೆಯ ನೆಲದ ಮೇಲೆ ಸಿಕ್ಕ ಬೂದಿಯನ್ನು ನೋಡಿಯೇ ಪತ್ತೇದಾರ ಅದು ತಿರುಚಿರಾಪಳ್ಳಿಯ ಚುಟ್ಟಾದ್ದೆಂದು ಗುರುತಿಸುತ್ತಾನೆ. ಆ ಕೋಣೆಯಲ್ಲಿ ಒಂದು ಬೂದಿಬಟ್ಟಲು ಇದ್ದಿದ್ದರೆ ಅವನಿಗೆ ತುಸು ಕಷ್ಟವಾಗುತ್ತಿತ್ತೇನೋ.

ಬೂದಿಬಟ್ಟಲು ಒಂದು ಸ್ವತಂತ್ರ ವಸ್ತುವಾಗಿ ಮನೆಗಳನ್ನು ಹೊಕ್ಕದ್ದು ಈ ಶತಮಾನದಲ್ಲೇ. ಪೈಪಿನ ಬೂದಿಯನ್ನು ಅಗ್ಗಿಷ್ಟಿಕೆಗೆ ಕೊಡವಿದರಾಗುತ್ತಿತ್ತು. ಸಿಗಾರಿನ ಬೂದಿ ಹಾಗಲ್ಲ. ಒಳ್ಳೆಯ ಸಿಗಾರಿನೊಳಗೆ ಇರುವುದು ಪುಡಿಯಲ್ಲ, ಉದ್ದುದ್ದದ ಎಲೆಗಳು. ಆದ್ದರಿಂದ ಅದರ ಬೂದಿಯೂ ಕೂಡಲೇ ಉದುರದೆ ಅಂಗುಲದುದ್ದ ನಿಲ್ಲುತ್ತದೆ. ಬಲ್ಲವರು ಅದನ್ನು ಕೊಡವುವುದಿಲ್ಲ, ತಾನಾಗಿ ಬೀಳಲು ಬಿಡುತ್ತಾರೆ. ಕೊನೆಗೆ ಸಿಗರೇಟಿನಂತೆ ಹೊಸಕುವುದೂ ಇಲ್ಲ. ಹೊಸಕಿದರೆ ಕೋಣೆಯೆಲ್ಲ ನಾರುತ್ತದೆ. ಸುಮ್ಮನೆ ಇಟ್ಟರೆ ತಾನೇ ಆರಿಹೋಗುತ್ತದೆ. ಅಂದರೆ ಈ ಬಟ್ಟಲಿನ ಮುಖ್ಯ ಕೆಲಸ ಬೂದಿ ಹಿಡಿಯುವುದಕ್ಕಿಂತ ಹೆಚ್ಚಾಗಿ, ಉರಿಯುತ್ತಿರುವ ಒಂದು ವಸ್ತುವನ್ನು ಉರುಳದಂತೆ ಮಲಗಿಸಿಕೊಳ್ಳುವುದು. ಮಾಸ್ತರರ ಬಸಿ ಬೂದಿಯನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು. ಅದಕ್ಕೆ ಬಾರದಿದ್ದದ್ದು ಎರಡನೆಯ ಕೆಲಸ.

ಗುಡಗುಡಿ ಮೂಲೆ ಸೇರಿದಾಗ ಬೀದರಿನ ಕುಲುಮೆಗಳು ಏನಾದವು? 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದ್ರಿ ವಸ್ತುಗಳಿಗೆ ಮೆಚ್ಚುಗೆ ಸಿಕ್ಕಿತ್ತು. ಆದರೆ ಪ್ರದರ್ಶನದ ಮೆಚ್ಚುಗೆಯಿಂದ ಒಲೆ ಹೊತ್ತುವುದಿಲ್ಲ. ಕಸುಬುದಾರರು ಕೊಳ್ಳುವವರ ಕೈಯನ್ನು ನೋಡಿ ತಮ್ಮ ಕೈಯನ್ನು ತಿದ್ದಿಕೊಂಡರು. ನೀರಿನ ಬುರುಡೆಗೆ ಬಿದ್ದ ಅದೇ ಬಳ್ಳಿ ಸಿಗಾರಿನ ಡಬ್ಬಿಗೆ ಬಿತ್ತು, ಗುಂಡಿಗೆ ಬಿತ್ತು, ಹೂದಾನಿಗೆ ಬಿತ್ತು, ಬೂದಿಬಟ್ಟಲಿಗೂ ಬಿತ್ತು. ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬುರುಡೆಗಳನ್ನು ಕಂಡವರು, ಅಲ್ಲಿಂದ ಹೊರಗೆ ಬಂದು ಪೇಟೆಯ ಅಂಗಡಿಯಲ್ಲಿ ಅದೇ ಕಪ್ಪು ಬಿಳುಪಿನ ಬೂದಿಬಟ್ಟಲನ್ನು ಕಂಡರೆ ಒಂದು ಇಳಿತವೆಂದೇ ಭಾವಿಸಬಹುದು. ನಮಗೆ ಹಾಗೆನ್ನಿಸಲಿಲ್ಲ. ದೊರೆಯ ಮುಂದೆ ಕೂತಿದ್ದ ಕಸುಬು ಗುಮಾಸ್ತನ ಮೇಜಿಗೆ ಇಳಿದು ಬದುಕಿಕೊಂಡಿತು ಎನ್ನುವುದೇ ಸರಿ.

ಇಪ್ಪತ್ತನೆಯ ಶತಮಾನ ಸಿಗರೇಟಿನದು. ಬೂದಿಬಟ್ಟಲು ಕಚೇರಿ, ರೈಲು, ವಿಮಾನ ಎಲ್ಲವನ್ನೂ ಹೊಕ್ಕಿತು. ಅಂಚಿನ ತೋಡು ಕಿರುಬೆರಳಿನಷ್ಟು ಕಿರಿದಾಯಿತು, ತಳ ತೆಳುವಾಯಿತು. ವಿಮಾನದಲ್ಲಿ ಧೂಮಪಾನ ನಿಂತು ಹೋದರೂ ಅದರ ಶೌಚಾಲಯದ ಬಾಗಿಲ ಬಳಿ ಇಂದಿಗೂ ಒಂದು ಬೂದಿಬಟ್ಟಲಿರುತ್ತದೆ. ನಿಯಮ ಮುರಿದು ಸೇದುವವನು ಉರಿಯುವ ತುಂಡನ್ನು ಕಾಗದದ ಬುಟ್ಟಿಗೆ ಎಸೆಯದಿರಲಿ ಎಂದು ಸುರಕ್ಷಾ ನಿಯಮವೇ ಅದನ್ನು ಕಡ್ಡಾಯ ಮಾಡಿದೆ. ಕಾಕು ಹೇಳಿದ್ದೂ ಇದನ್ನೇ. ಇದನ್ನು ತೋರಿಸಿದ ಮೇಲೆ ವೈದ್ಯಮಿತ್ರರ ವಿರೋಧ ಸ್ವಲ್ಪ ಸಡಿಲವಾಯಿತು.

ವಿಮಾನದ ಮಾತು ಬಂದಾಗ, ಮುಂಬಯಿಯಲ್ಲಿ ಬಾಳಿದ ನಮ್ಮಂಥವರು ಏರ್ ಇಂಡಿಯಾದ ಬೂದಿಬಟ್ಟಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1967ರಲ್ಲಿ ಆ ಸಂಸ್ಥೆ ತನ್ನ ಆಯ್ದ ಪ್ರಯಾಣಿಕರಿಗೆ ಕಾಣಿಕೆ ಕೊಡಲು ಒಂದು ಬೂದಿಬಟ್ಟಲನ್ನು ರೂಪಿಸಿಕೊಡುವಂತೆ ಸ್ಪೇನಿನ ಚಿತ್ರಕಾರ ಸಾಲ್ವಡೋರ್ ಡಾಲಿಯನ್ನು ಕೇಳಿತು. ಡಾಲಿ ಒಪ್ಪಿದ. ನಡುವೆ ಒಂದು ಚಿಪ್ಪು, ಅದರ ಅಂಚಿಗೆ ಸುತ್ತಿದ ಹಾವು, ಕೆಳಗೆ ಆಧಾರವಾಗಿ ಹಂಸ ಮತ್ತು ಆನೆಯ ತಲೆಗಳು. ತಲೆಕೆಳಗು ಮಾಡಿದರೆ ಹಂಸ ಆನೆಯಾಗುತ್ತದೆ, ಆನೆ ಹಂಸವಾಗುತ್ತದೆ. 1937ರ ಚಿತ್ರವೊಂದರಲ್ಲಿ ಅವನು ಕೊಳದ ಹಂಸಗಳ ನೆರಳನ್ನು ಆನೆಗಳಾಗಿಸಿದ್ದ. ಆ ಆಟವನ್ನೇ ಇಲ್ಲಿ ಪಿಂಗಾಣಿಗೆ ಇಳಿಸಿದ. ಫ್ರಾನ್ಸಿನ ಲಿಮೋಜ್‌ನಲ್ಲಿ ಇಂಥವು ಕೆಲವು ನೂರು ತಯಾರಾದವು. ಈಗ ಹರಾಜುಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಪ್ರತಿಫಲವಾಗಿ ಡಾಲಿ ಹಣ ಕೇಳಲಿಲ್ಲ, ಒಂದು ಆನೆಮರಿಯನ್ನು ಕೇಳಿದ. ಆ ಮರಿ ಹೋದದ್ದು ಬೆಂಗಳೂರಿನಿಂದ. ಮಾವುತನೊಬ್ಬನ ಜೊತೆ ವಿಮಾನದಲ್ಲಿ ಜಿನೀವಾಕ್ಕೆ, ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕಡಲತೀರದ ಕಾಡಕೇಸ್ ಎಂಬ ಊರಿಗೆ. ಊರಿಗೆ ಊರೇ ಹಬ್ಬ ಆಚರಿಸಿತಂತೆ. ಆನೆಯ ಮೇಲೆ ಕುಳಿತು ಆಲ್ಪ್ಸ್ ಪರ್ವತ ದಾಟುವೆನೆಂದು ಡಾಲಿ ಹೇಳಿಕೊಂಡಿದ್ದನಂತೆ, ದಾಟಲಿಲ್ಲ. ಚಿತ್ರಕಾರನ ಮನೆಯಲ್ಲಿ ಆನೆಯನ್ನು ಎಷ್ಟು ದಿನ ಸಾಕಲಾದೀತು? ಕೊನೆಗೆ ಅದು ವಲೆನ್ಸಿಯಾದ ಮೃಗಾಲಯ ಸೇರಿತು.

ಈ ಕತೆಯನ್ನು ಎಲ್ಲರೂ ನಗುತ್ತಲೇ ಹೇಳುತ್ತಾರೆ. ನಾವೂ ವರ್ಷಗಟ್ಟಲೆ ಬಳಗದ ಕೂಟಗಳಲ್ಲಿ ಹಾಗೆಯೇ ಹೇಳಿದ್ದೇವೆ, ಬೆಂಗಳೂರಿನ ಹೆಸರು ಬರುವುದರಿಂದ ಒಂದಿಷ್ಟು ಹೆಮ್ಮೆಯನ್ನೂ ಸೇರಿಸಿ. ಈ ಸಲ ನಗು ಬರಲಿಲ್ಲ. ಆ ಮರಿಗೆ ಆಗ ಎರಡು ವರ್ಷದ ಆಸುಪಾಸು. ಆನೆಮರಿ ಸಾಮಾನ್ಯವಾಗಿ ಅಷ್ಟರಲ್ಲಿ ತಾಯಿಯ ಹಾಲನ್ನು ಪೂರ್ತಿ ಬಿಟ್ಟಿರುವುದಿಲ್ಲ. ನಮ್ಮ ಕಡೆಯ ಆನೆಗಳು ಸಮುದ್ರ ದಾಟಿದ್ದು ಅದೇ ಮೊದಲಲ್ಲ. 1949ರಲ್ಲಿ, ಯುದ್ಧದಲ್ಲಿ ಆನೆಗಳನ್ನು ಕಳೆದುಕೊಂಡಿದ್ದ ಟೋಕಿಯೋದ ಮೃಗಾಲಯಕ್ಕೆ ಅಲ್ಲಿಯ ಮಕ್ಕಳ ಕೋರಿಕೆಯಂತೆ ನೆಹರೂ ಕಳುಹಿಸಿದ ‘ಇಂದಿರಾ’ ಮೈಸೂರು ಸೀಮೆಯ ಆನೆ. ಅದಕ್ಕೆ ಕನ್ನಡದ ಆಜ್ಞೆಗಳು ಮಾತ್ರ ತಿಳಿಯುತ್ತಿದ್ದುದರಿಂದ ಜಪಾನಿನ ಪಾಲಕರು ಮಾವುತರಿಂದ ಆ ಮಾತುಗಳನ್ನು ಕಲಿತರು. ಅಲ್ಲಿ ಆನೆಯ ಹಿಂದೆ ಮಕ್ಕಳಿದ್ದರು, ಭಾಷೆ ಕಲಿತವರಿದ್ದರು. ಇಲ್ಲಿ ಇದ್ದದ್ದು ಒಂದು ಬೂದಿಬಟ್ಟಲು. ಪರಸ್ಥಳದಲ್ಲಿ ಬಾಳುವ ಕನ್ನಡಿಗರಾದ ನಮಗೆ, ಕಾಡಕೇಸಿನ ಅಂಗಳದಲ್ಲಿ ನಿಂತ ಆ ಮರಿಗೆ ಮಾವುತ ಹಿಂದಿರುಗಿದ ಮೇಲೆ ಯಾರು ಯಾವ ಮಾತಿನಲ್ಲಿ ಏನು ಹೇಳಿದರೋ ಎಂಬ ಪ್ರಶ್ನೆ ಹೊಳೆದ ಮೇಲೆ ಕತೆ ಮೊದಲಿನಂತೆ ಉಳಿಯಲಿಲ್ಲ.

ಅಷ್ಟು ಬೆಲೆ ತೆತ್ತ ಆ ವಸ್ತು ಬೂದಿಬಟ್ಟಲಾಗಿಯಾದರೂ ಉತ್ತಮವೇ ಎಂದರೆ ಅದೂ ಇಲ್ಲ. ಚಿಪ್ಪಿನ ಅಂಚಿನಲ್ಲಿ ಹಾವಿದೆ, ಸಿಗಾರನ್ನು ಮಲಗಿಸಲು ಎಡೆಯಿಲ್ಲ. ಹೊಳಪು ಲೇಪಿಸದ ಪಿಂಗಾಣಿ ಹೊಗೆಸೊಪ್ಪಿನ ಕಲೆಯನ್ನು ಹೀರಿಕೊಳ್ಳುತ್ತದೆ. ಪಡೆದವರಲ್ಲಿ ಬುದ್ಧಿವಂತರು ಅದರಲ್ಲಿ ಬೂದಿ ಹಾಕಿರಲಾರರು.

ಹೀಗೆ ಓದು ಮುಗಿಸಿ ಪೇಟೆಗೆ ಹೊರಟಾಗ ನಮಗೆ ಬೇಕಾದದ್ದೇನು ಎಂಬುದು ಸ್ಪಷ್ಟವಾಗಿತ್ತು. ಮಾಸ್ತರರ ಚುಟ್ಟಾದ ದಪ್ಪವನ್ನು ದಾರದಿಂದ ಅಳೆದುಕೊಂಡೆವು. ಸಿಗಾರಿನ ವ್ಯಾಸವನ್ನು ಅಂಗುಲದ ಅರವತ್ತನಾಲ್ಕನೆಯ ಪಾಲಿನಲ್ಲಿ ಎಣಿಸುವುದು ಆ ವ್ಯಾಪಾರದ ರೂಢಿ. ಐವತ್ತು ಎಂದರೆ ಸುಮಾರು ಎರಡು ಸೆಂಟಿಮೀಟರು. ಅಂಗಡಿಗಳಲ್ಲಿ ಸಿಕ್ಕ ಬಹುಪಾಲು ಬಟ್ಟಲುಗಳ ತೋಡು ಅದರ ಅರ್ಧದಷ್ಟೂ ಇರಲಿಲ್ಲ. ಸಿಗರೇಟಿನ ಕಾಲದ ಅಳತೆಗಳು. ಸಿಗಾರಿಗೆಂದೇ ಮಾಡಿದ ಗಾಜಿನದೊಂದು ಸಿಕ್ಕಿತು, ತೂಕವೂ ಚೆನ್ನಾಗಿತ್ತು. ಆದರೆ ತೋಡು ಗಿಡ್ಡ. ಚುಟ್ಟಾದ ಮುಕ್ಕಾಲು ಭಾಗ ಗಾಳಿಯಲ್ಲಿ ತೂಗುತ್ತಿತ್ತು. ಒಳಗೆ ತಗಡು ಹೊದಿಸಿದ ಮರದ್ದೊಂದನ್ನು ಅಂಗಡಿಯವರು ಬಹಳ ಹೊಗಳಿದರು. ಹನ್ನೊಂದು ಹಾಳೆಗಳನ್ನು ನೆನೆದು ಮರದ ಗೊಡವೆಗೇ ಹೋಗಲಿಲ್ಲ.

ಕಡೆಗೆ ಹೈದರಾಬಾದಿನಲ್ಲಿರುವ ನಮ್ಮ ಬಳಗದ ಸದಸ್ಯರೊಬ್ಬರ ಮೂಲಕ ಬೀದರಿನ ಕಸುಬುದಾರರಿಗೆ ಹೇಳಿ ಮಾಡಿಸಿದೆವು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಹೆಚ್ಚಿನ ಬೇಡಿಕೆ ಬರುವುದು ಸನ್ಮಾನದ ಫಲಕಗಳಿಗೇ ಎಂದು ಅವರು ಫೋನಿನಲ್ಲಿ ಹೇಳಿದರು. ಬೂದಿಬಟ್ಟಲು ಕೇಳುವವರು ಈಗ ಅಪರೂಪವಂತೆ. ನಮ್ಮ ಅಳತೆ ಕೇಳಿ ನಕ್ಕು, ಒಂದು ತಿದ್ದುಪಡಿಯನ್ನು ಅವರೇ ಸೂಚಿಸಿದರು. ಬೆಳ್ಳಿಯ ಕೆಲಸವೆಲ್ಲ ಹೊರಮೈಗಿರಲಿ. ಕೆಂಡ ತಾಗುವ ಒಳಭಾಗದಲ್ಲಿ ಕಪ್ಪು ಕೆಡಬಹುದು, ಅಲ್ಲಿಗೆ ತೆಗೆದು ತೊಳೆಯಬಲ್ಲ ಹಿತ್ತಾಳೆಯ ಬಟ್ಟಲೊಂದನ್ನು ಕೂರಿಸೋಣ. ಎಷ್ಟು ತೋಡು ಬೇಕು ಎಂದು ಕೇಳಿದರು. ನಾಲ್ಕು ಎನ್ನಲು ಬಾಯಿ ತೆರೆದಿದ್ದೆವು. ಪಕ್ಕದಲ್ಲಿ ಕುಳಿತಿದ್ದ ವೈದ್ಯಮಿತ್ರರು ಫೋನನ್ನು ಕಿತ್ತುಕೊಂಡು, “ಒಂದೇ ಒಂದು. ಜೊತೆಗೆ ಕೂತು ಸೇದುವವರಿಗೆ ಜಾಗ ಇರಬಾರದು” ಎಂದರು. ವಂತಿಗೆಯಲ್ಲಿ ತಮ್ಮ ಪಾಲನ್ನೂ ಅಂದೇ ಕೊಟ್ಟರು.

ಎರಡು ತಿಂಗಳ ನಂತರ ಅದು ರೈಲಿನಲ್ಲಿ ಬಂತು. ಅಂಗೈಗಿಂತ ಅಗಲ, ಎತ್ತಿದರೆ ಮಣಿಕಟ್ಟು ಬಾಗುವಷ್ಟು ತೂಕ, ಮೈಸುತ್ತ ಬೆಳ್ಳಿಯ ಒಂದೇ ಒಂದು ಎಳೆಯ ಬಳ್ಳಿ. ಒಂದು ಬದಿಗೆ ನಾಲ್ಕು ಬೆರಳುದ್ದದ ತೋಡು. ಅದರಲ್ಲಿ ಮಲಗಿಸಿದ ಚುಟ್ಟಾ ಮೇಜು ಅಲುಗಿಸಿದರೂ ಕದಲಲಿಲ್ಲ. ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೋಟೆಯ ಮಣ್ಣಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕಾಕು ಅಷ್ಟನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು, ಮೇಜಿನ ಮೇಲಿದ್ದ ಪತ್ರಗಳ ಕಡತವನ್ನು ಎತ್ತಿ ಒಳಗಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.